ಮಬ್ಬಾದ ಹೆಡ್‌ಲೈಟ್: ಉಜ್ಜಿದರಷ್ಟೇ ಸಾಲದು, ಲೇಪವೂ ಬೇಕು

ಈಗಿನ ಕಾರುಗಳ ಹೆಡ್‌ಲೈಟ್ ಮುಂದಿರುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲೆ ಕಾರ್ಖಾನೆಯಲ್ಲೇ ತೆಳುವಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲಿನ ನೇರಳಾತೀತ ಕಿರಣ ತಿಂದು ಆ ಲೇಪ ಹಳದಿಯಾಗಿ, ಸಣ್ಣದಾಗಿ ಬಿರಿದು, ಚಕ್ಕೆ ಏಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಒಂದಷ್ಟು ದಿನ ಹೊಳೆಯುತ್ತದೆ, ಆದರೆ ಕೆಟ್ಟ ಲೇಪ ಅಲ್ಲೇ ಉಳಿದಿರುತ್ತದೆ.

ಮೊದಲು ಲೆನ್ಸ್ (ಈ ಪ್ಲಾಸ್ಟಿಕ್ ಹೊದಿಕೆ) ತೊಳೆದು ನೀರು ಚಿಮುಕಿಸಿ ನೋಡಿ. ಒದ್ದೆಯಾದಾಗ ತಿಳಿಯಾದರೆ ಮಬ್ಬು ಹೊರಮೈಯಲ್ಲಿದೆ. ಒಳಗೆ ತೇವ ಅಥವಾ ಬಿರುಕು ಇದ್ದರೆ ಹೊರಗೆ ಎಷ್ಟು ಉಜ್ಜಿದರೂ ಹೋಗದು.

ಬೇಕಾದದ್ದು: 800, 1500, 2000 ಗ್ರಿಟ್‌ನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ; ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ನುಣುಪು), ಮಾಸ್ಕಿಂಗ್ ಟೇಪ್, ಸ್ಪ್ರೇ ಬಾಟಲಿಯಲ್ಲಿ ಎರಡು ಹನಿ ಶಾಂಪೂ ಬೆರೆಸಿದ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಹೆಡ್‌ಲೈಟ್‌ಗೆಂದೇ ಇರುವ ಯುವಿ ಕ್ಲಿಯರ್ ಕೋಟ್ ಸ್ಪ್ರೇ (ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪ). ಥಿನ್ನರ್, ಅಸಿಟೋನ್, ಪೆಟ್ರೋಲ್ ಹತ್ತಿರವೂ ತರಬೇಡಿ. ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ.

ಸುತ್ತಲಿನ ಪೇಂಟ್‌ಗೆ ಎರಡು ಪದರ ಟೇಪ್ ಅಂಟಿಸಿ. ಒಂದು ಪದರವಾದರೆ ಅಂಚಿನಲ್ಲಿ ಪೇಪರ್ ತಾಗಿ ಹರಿದು, ಬಣ್ಣಕ್ಕೆ ಗೀರು ಬೀಳುತ್ತದೆ. ಪೇಪರ್ ಹತ್ತು ನಿಮಿಷ ನೆನೆಯಲಿ. 800ರಿಂದ ಅಡ್ಡಡ್ಡ ಉಜ್ಜಿ, ಒಣಗಲು ಬಿಡದೆ ನೀರು ಹೊಡೆಯುತ್ತಿರಿ. ಮೊದಲು ಹಳದಿ ರಾಡಿ ಇಳಿಯುತ್ತದೆ, ಅದು ಲೇಪ. ರಾಡಿ ಬಿಳಿಯಾಗುವವರೆಗೆ ಮುಂದಕ್ಕೆ ಹೋಗಬೇಡಿ. ಬಟ್ಟೆಯಿಂದ ಒರೆಸಿ ನೋಡಿದಾಗ ಇಡೀ ಮೈ ಒಂದೇ ಸಮನೆ ಮಾಸಲು ಬಿಳಿಯಾಗಿರಬೇಕು. ನುಣ್ಣಗೆ ಮಿಂಚುವ ತೇಪೆ ಕಂಡರೆ ಅಲ್ಲಿ ಹಳೆಯ ಲೇಪ ಉಳಿದಿದೆ, ಮುಂದೆ ಅದೇ ಕಲೆಯಾಗಿ ಎದ್ದು ಕಾಣುತ್ತದೆ. ಮೂಲೆಗಳಲ್ಲಿ ಇದು ಹೆಚ್ಚು. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲೇ.

ಆಮೇಲೆ 1500ರಿಂದ ಮೇಲೆ ಕೆಳಗೆ, 2000ದಿಂದ ಮತ್ತೆ ಅಡ್ಡಡ್ಡ. ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. 800ರ ಒಂದು ಗೀರು ಉಳಿದರೂ ಕ್ಲಿಯರ್ ಕೋಟ್ ಅದನ್ನು ಮುಚ್ಚಲಾರದು. 2000ದ ಸಣ್ಣ ಗೀರುಗಳನ್ನಾದರೆ ತುಂಬಿಕೊಳ್ಳುತ್ತದೆ. ಹಾಗಾಗಿ ಸ್ಪ್ರೇ ಹೊಡೆಯುವುದಾದರೆ ಪಾಲಿಶ್ ಬೇಡ. ಪಾಲಿಶ್‌ನ ಎಣ್ಣೆಯಂಶದ ಮೇಲೆ ಲೇಪ ಹಿಡಿಯುವುದಿಲ್ಲ.

ತೊಳೆದು, ಒಣಗಿಸಿ, ಆಲ್ಕೊಹಾಲ್‌ನಿಂದ ಒರೆಸಿ. ಬಳಿಕ ಬೆರಳು ಮುಟ್ಟಿಸಬೇಡಿ, ಜಿಡ್ಡಿನ ಗುರುತಿದ್ದಲ್ಲಿ ಲೇಪ ಗುಳಿ ಬೀಳುತ್ತದೆ. ಬಾನೆಟ್, ಬಂಪರ್‌ಗಳನ್ನು ಹಳೆಯ ಕಾಗದದಿಂದ ಮುಚ್ಚಿ. ನೆರಳಿನಲ್ಲಿ, ಗಾಳಿ ಧೂಳಿಲ್ಲದ ಕಡೆ, ಸುಮಾರು 20 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ಪ್ರತಿ ಸಲದ ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಒಂದೇ ಏಟಿಗೆ ದಪ್ಪ ಹೊಡೆದರೆ ಸೋರಿ ಗೆರೆಯಾಗುತ್ತದೆ. ಎರಡು ಭಾಗ ಬೆರೆಯುವ 2ಕೆ ಸ್ಪ್ರೇಯಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸೈನೇಟ್ ಎಂಬ ರಾಸಾಯನಿಕ ಇರುವುದರಿಂದ ಧೂಳಿನ ಮಾಸ್ಕ್ ಸಾಲದು, ಪೇಂಟಿಂಗ್‌ಗೆ ತಕ್ಕ ರೆಸ್ಪಿರೇಟರ್ ಮತ್ತು ಕೈಗವಸು ಹಾಕಿ.

ಲೇಪ ತುಸು ಅಂಟಾಗಿರುವಾಗಲೇ ಟೇಪ್ ಮೆಲ್ಲಗೆ ಕೀಳಿ. ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚು ಎದ್ದುಬರುತ್ತದೆ. ಕನಿಷ್ಠ 24 ಗಂಟೆ ಮಳೆ, ನೀರು ತಾಗಿಸಬೇಡಿ.