ಕಪ್ಪು ಮುಟ್ಟದೆ ಬರೆದ ಉಳ್ಳಾಗಡ್ಡಿ

ಕೊನೆಗೂ ನನ್ನ ಆಯಿಲ್ ಪೇಂಟಿಂಗ್ ಸರಿಯಾಗಿ ಬಂತು! ಆರು ಉಳ್ಳಾಗಡ್ಡಿ, ಎರಡು ಬೆಳ್ಳುಳ್ಳಿ, ಕೆಳಗೊಂದು ಬಿಳಿ ಟವೆಲ್. ಪ್ಯಾಲೆಟ್‌ನಲ್ಲಿ ಕಪ್ಪು ಇಲ್ಲವೇ ಇಲ್ಲ. "ಕಪ್ಪಿಲ್ಲದ ನೆರಳು ನಿಲ್ಲೂದಿಲ್ಲೋ, ತೇಲತದ" ಅಂತ ಗೆಳೆಯರು ನಕ್ಕಿದ್ದರು. ಈಗ ಸುಮ್ಮನಾಗಿದ್ದಾರೆ.

ಹುಚ್ಚು ಹಿಡಿಸಿದ್ದು ಫ್ರೆಂಚ್ ಚಿತ್ರಕಾರ ರೆನ್ವಾರ್. 1881ರಲ್ಲಿ ನೇಪಲ್ಸ್‌ನಲ್ಲಿ ಬರೆದ ಈರುಳ್ಳಿ ಚಿತ್ರ, ಈಗ ಅಮೆರಿಕದ ಕ್ಲಾರ್ಕ್ ಮ್ಯೂಸಿಯಂನಲ್ಲಿದೆ. ನಾನು ಕಂಡಿದ್ದು ಪ್ರಿಂಟ್ ಅಷ್ಟೇ. ಹಿನ್ನೆಲೆಯಲ್ಲೂ ಓರೆ ಓರೆ ಬ್ರಷ್ ಗೆರೆಗಳು, ಗಾಳಿ ಬೀಸಿದ ಹಾಗೆ.

ನನ್ನ ಮೊದಲ ನಾಲ್ಕು ಕ್ಯಾನ್ವಾಸ್ ಹಾಳು. ಅಲ್ಟ್ರಾಮರೀನ್ ನೀಲಿಗೆ ಅಲಿಜರಿನ್ ಕೆಂಪು ಕಲಸಿ ನೆರಳು ಹಾಕಿದೆ, ಅದು ಸರಿಯಾಗೇ ಇತ್ತು. ಆದರೆ ಕೈ ಸುಮ್ನಿರಲಿಲ್ಲ. ಹಸಿ ಬಣ್ಣದ ಮೇಲೆ ತಿದ್ದಿ ತಿದ್ದಿ, ಸಿಪ್ಪೆಯ ಕಿತ್ತಳೆ ನೇರಳೆಗೆ ಸೇರಿ ರಾಡಿಯಾಯಿತು. ಅವ್ವ ಬಂದು ನೋಡಿ, "ಬದನಿಕಾಯಿ ಚಲೋ ಬಂದಾವ" ಅಂದಳು. ಮೂರನೆಯದು ಮುಗಿಯುವಷ್ಟರಲ್ಲಿ ಒಂದು ಗಡ್ಡೆ ಮೊಳಕೆಯನ್ನೂ ಒಡೆದಿತ್ತು. ಬಣ್ಣ, ಕ್ಯಾನ್ವಾಸ್ ಸೇರಿ ನಾಲ್ಕೈದು ಸಾವಿರ ಹೋಗಿರಬೇಕು. ಉಳ್ಳಾಗಡ್ಡಿ ಮಾತ್ರ ದಂಡವಾಗಲಿಲ್ಲ, ಸಾರಿಗೆ ಹೋಯಿತು.

ಐದನೆಯದಕ್ಕೆ ಹಟ ಹಿಡಿದೆ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ಅದೇ ಕಿಟಕಿ. ಬಿಸಿಲು ಸರಿದರೆ ಬ್ರಷ್ ಕೆಳಗೆ. ಬೆಚ್ಚನೆ ಬಣ್ಣಕ್ಕೆ ಮೂರು ಬ್ರಷ್, ತಂಪಿಗೆ ಮೂರು, ಅದಲು ಬದಲು ಮಾಡಲಿಲ್ಲ. ಒಂದೇ ಏಟು, ಬ್ರಷ್ ಒರೆಸು, ಮುಂದಿನದು. ತಪ್ಪಾದರೆ ತಿದ್ದದೆ ನೈಫಿನಲ್ಲಿ ಕೆರೆದು ಹಾಕಿದೆ. ಒಣ ಸಿಪ್ಪೆಯ ಆ ಮಿಣುಕು ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಬಿಳಿ ಅಲ್ಲ ಅನ್ನೋದಷ್ಟೇ ಹೇಳ್ತೀನಿ.

ನಡುವೆ ಒಂದು ಕಿತಾಪತಿ. ಬಿಳಿ ಬಣ್ಣ ಹಳದಿಗೆ ತಿರುಗಬಾರದು ಅಂತ ಕೆಲವು ಕಂಪನಿಯವರು ಕುಸುಬೆ ಎಣ್ಣೆಯಲ್ಲೇ ಅರೆಯುತ್ತಾರೆ, ಅಲ್ವಾ? ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಇತ್ತು, ಹಾಕಿದೆ. ಹದಿನೈದು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಒಂದು ಸೊಳ್ಳೆ ಇನ್ನೂ ಅಲ್ಲೇ ಇದೆ.

1880ರಲ್ಲಿ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮಾನೆ ಒಂದು ಕಟ್ಟು ಆಸ್ಪರಾಗಸ್ (ದಂಟಿನಂಥ ತರಕಾರಿ) ಬರೆದು 800 ಫ್ರಾಂಕ್ ಕೇಳಿದ. ಕೊಂಡ ಶಾರ್ಲ್ ಎಫ್ರುಸಿ 1,000 ಕಳಿಸಿದ. ಮಾನೆ ಇನ್ನೊಂದು ಪುಟ್ಟ ಚಿತ್ರದಲ್ಲಿ ಒಂದೇ ಒಂದು ದಂಟು ಬರೆದು, ನಿಮ್ಮ ಕಟ್ಟಿನಲ್ಲಿ ಇದೊಂದು ಕಮ್ಮಿಯಿತ್ತು ಅಂತ ಕಳಿಸಿಕೊಟ್ಟ. ನನ್ನ ಉಳ್ಳಾಗಡ್ಡಿ ಚಿತ್ರಕ್ಕೆ ನಾನು 9,000 ರೂಪಾಯಿ ಕೇಳಿದೆ. ಕೊಂಡವರು ಚೌಕಾಸಿ ಮಾಡಿ 8,500 ಕೊಟ್ಟರು. ಮಾನೆ ಲೆಕ್ಕದಲ್ಲಿ ಒಂದು ಬೆಳ್ಳುಳ್ಳಿ ಕೆರೆದು ಕೊಡಬೇಕಿತ್ತು.