ಗಡ್ಡೆಕಟ್ಟುವ ಮಳೆ ನಿಂತ ಮೇಲೆ ಅಂಗಳ ತೆರವು ಮಾಡಿದ್ದು

ಕೆನಡಾದ ಮಾಂಟ್ರಿಯಲ್‌ನಲ್ಲಿ ಹಿಮ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸಲಿಕೆ ಹಿಡಿದು ಹೊರಗೆ ಬರುತ್ತಾರೆ. ಇಲ್ಲಿಯವರು ಹೆದರುವುದು ಚಳಿಗಾಲದ ಮಳೆಗೆ. ಮೇಲೆ ಬೆಚ್ಚಗಿನ ಗಾಳಿಯ ಪದರ, ನೆಲದ ಹತ್ತಿರ ಸೊನ್ನೆಗಿಂತ ಕೆಳಗಿನ ಚಳಿ ಇದ್ದಾಗ ನೀರಾಗಿಯೇ ಇಳಿದ ಹನಿ ತಾಗಿದಲ್ಲೇ ಮಂಜುಗಡ್ಡೆಯಾಗುತ್ತದೆ. ಸೇಂಟ್ ಲಾರೆನ್ಸ್ ಕಣಿವೆಯಲ್ಲಿ ಈಶಾನ್ಯದಿಂದ ನುಗ್ಗುವ ತಣ್ಣನೆಯ ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. 2023ರ ಏಪ್ರಿಲ್ 5ರ ಬುಧವಾರ ಹಾಗೆ ಸುರಿದ ಮಳೆಗೆ ಕ್ವೆಬೆಕ್ ಪ್ರಾಂತ್ಯದ ಸುಮಾರು 11 ಲಕ್ಷ ಗ್ರಾಹಕರ ವಿದ್ಯುತ್ ಹೋಯಿತು. ಮಾಂಟ್ರಿಯಲ್ ದ್ವೀಪದ ಪಶ್ಚಿಮಕ್ಕಿರುವ ಪಿಯರ್‌ಫಾಂಡ್ಸ್‌ನ ನಮ್ಮ ಮನೆಯೂ ಅದರಲ್ಲಿ ಸೇರಿತ್ತು.

ಇಲ್ಲಿ ಬಹುಪಾಲು ಮನೆಗಳಲ್ಲಿ ಎಲ್ಲವೂ ವಿದ್ಯುತ್ತಿನದೇ: ಒಲೆ, ಸ್ನಾನದ ಬಿಸಿನೀರು, ಗೋಡೆಯಂಚಿನ ಹೀಟರು. ಅದೃಷ್ಟಕ್ಕೆ ಹಿಂದಿನ ಮಾಲೀಕರು ಬಿಟ್ಟುಹೋದ ಹಳೆಯ ಸೌದೆ ಒಲೆಯೊಂದು ನಮ್ಮಲ್ಲಿತ್ತು. 2018ರ ಅಕ್ಟೋಬರ್‌ನಿಂದ ಮಾಂಟ್ರಿಯಲ್ ನಗರದಲ್ಲಿ ಹೆಚ್ಚು ಹೊಗೆಯುಗುಳುವ ಇಂಥ ಒಲೆ ಹೊತ್ತಿಸುವಂತಿಲ್ಲ. ವಿದ್ಯುತ್ ಹೋಗಿ ಮೂರು ಗಂಟೆ ದಾಟಿದರೆ ಮಾತ್ರ ವಿನಾಯಿತಿ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನಿಗೆ ಈ ಕಾನೂನು ಹೇಳಿದಾಗ, "ಒಲೆ ಹಚ್ಚಲಿಕ್ಕೂ ಮುಹೂರ್ತವೇ?" ಎಂದು ನಕ್ಕಳು. ಗಡಿಯಾರ ನೋಡಿಕೊಂಡೇ ಹಚ್ಚಿದೆವು. ಚಿಮಣಿಯನ್ನು ಹಿಂದಿನ ಶರತ್ಕಾಲದಲ್ಲಿ ಗುಡಿಸಿಸಿದ್ದೆವು, ಇಂಗಾಲದ ಮಾನಾಕ್ಸೈಡಿನ ಅಲಾರಂಗೆ ಹೊಸ ಬ್ಯಾಟರಿ ಹಾಕಿದ್ದೆವು. ಅವೆರಡೂ ಇರದಿದ್ದರೆ ನಾನು ಕಡ್ಡಿ ಗೀರುತ್ತಿರಲಿಲ್ಲ. ಬಾರ್ಬೆಕ್ಯೂವನ್ನು ಮನೆಯೊಳಗೆ ತಂದು ಕಾಯಿಸಿಕೊಂಡು ಎಷ್ಟೋ ಜನ ಆ ವಾರ ಆಸ್ಪತ್ರೆ ಸೇರಿದರು.

ಪಕ್ಕದ ಮನೆಯ ಅಜ್ಜಿ 1998ರ ಜನವರಿಯ ಇಂಥದೇ ಮಳೆಯನ್ನು ಕಂಡವರು. ಆಗ ನಗರದ ನೀರು ಶುದ್ಧೀಕರಣ ಘಟಕಗಳಿಗೂ ವಿದ್ಯುತ್ ಹೋಗಿತ್ತಂತೆ. ದೀಪ ಹೋದ ಕೂಡಲೇ ಅವರು ಬಂದು ಹೇಳಿದ್ದು ಒಂದೇ ಮಾತು: ಸ್ನಾನದ ತೊಟ್ಟಿ ತುಂಬಿಸಿಡಿ. ತುಂಬಿಸಿದೆವು.

ಗುರುವಾರ ಬೆಳಿಗ್ಗೆ ಹಿತ್ತಲು ನೋಡಿದರೆ ಸಿಲ್ವರ್ ಮೇಪಲ್ ಮರದ ಒಂದು ಕವಲು ಸಾಮಾನಿನ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಬೇಲಿಗೆ ನೆಟ್ಟ ಸೀಡರ್ ಗಿಡಗಳು ನಾಲ್ಕೂ ದಿಕ್ಕಿಗೆ ಬಾಯಿ ಬಿಟ್ಟು ಮಲಗಿದ್ದವು. ನನ್ನ ಗಂಡನಿಗೆ ಆಗಲೇ ಗರಗಸ ಬೇಕಾಗಿತ್ತು. ನಾನು ಕೊಡಲಿಲ್ಲ. ತೋಟದ ಮನೆಯಲ್ಲಿ ಬೆಳೆದವಳಾದ್ದರಿಂದ ಮರದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತೇ ನಡೆಯುವುದು. ಬಿಸಿಲೇರುತ್ತಿದ್ದಂತೆ ಕೊಂಬೆಗಳಿಂದ ಗಾಜಿನ ಕೊಳವೆಗಳಂತೆ ಗಡ್ಡೆ ಕಳಚಿ ಬೀಳತೊಡಗಿತು. ಆ ಹೊತ್ತಿನಲ್ಲಿ ಮರದಡಿ ಯಾರಿಗೂ ಕೆಲಸವಿಲ್ಲ. ಬಾಗಿದ ಗಿಡವನ್ನು ಅಲ್ಲಾಡಿಸಿ ಗಡ್ಡೆ ಉದುರಿಸುವುದೂ ಸಲ್ಲದು. ಚಳಿಗೆ ಪೆಡಸಾದ ಕೊಂಬೆ ಗಡ್ಡೆಗಿಂತ ಮೊದಲು ತಾನೇ ಮುರಿಯುತ್ತದೆ. ಹಾಗಾಗಿ ಆ ದಿನ ಒಳಗೇ ಇದ್ದು ಅವಲಕ್ಕಿ ತಿಂದೆವು. ಫ್ರೀಜರಿನಲ್ಲಿದ್ದ ಕಾಯಿತುರಿ ಕರಗುವ ಮೊದಲೇ ಅಮ್ಮ ಅದನ್ನು ಸೌದೆ ಒಲೆಯ ಮೇಲೆ ಕೊಬ್ಬರಿ ಮಿಠಾಯಿ ಮಾಡಿ ಮುಗಿಸಿದಳು. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ 48 ಗಂಟೆ ತಾಳುತ್ತದೆ, ಫ್ರಿಜ್ ನಾಲ್ಕೇ ಗಂಟೆ. ಹಾಲು, ಮೊಸರು ಹೋದವು.

ಗಡ್ಡೆ ಪೂರ್ತಿ ಉದುರಿದ ಮೇಲೆ ಮೊದಲು ಮಾಡಿದ್ದು ತಂತಿ ನೋಡುವ ಕೆಲಸ. ಕಂಬದಿಂದ ಮನೆಗೆ ಬರುವ ತಂತಿ ವಿದ್ಯುತ್ ಸಂಸ್ಥೆಯದು. ಅದು ಬಂದು ಸೇರುವ ಗೋಡೆಯ ಕೊಳವೆ ಮನೆಯವರದು. ಆ ಕೊಳವೆ ಬಾಗಿದರೆ ನಮ್ಮ ಖರ್ಚಿನಲ್ಲೇ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವ ತನಕ ಬೀದಿಗೆಲ್ಲ ದೀಪ ಬಂದರೂ ನಮಗೆ ಬರುವುದಿಲ್ಲ. ನಮ್ಮದು ನೆಟ್ಟಗಿತ್ತು. ಮೂಲೆಯಲ್ಲಿ ಜೋತುಬಿದ್ದದ್ದು ಬರೀ ಟೆಲಿಫೋನ್ ತಂತಿ ಎಂದು ಯಾರೋ ಹೇಳಿದರು. ಒಂದೇ ಕಂಬದಲ್ಲಿ ಮೂರು ಬಗೆಯ ತಂತಿ ಹಾದಿರುವಾಗ ಆ ಮಾತನ್ನು ನಂಬಬೇಕಾಗಿಲ್ಲ. ತುರ್ತು ಸಂಖ್ಯೆ 911ಕ್ಕೆ ತಿಳಿಸಿ, ಆ ಮೂಲೆಯ ಕೊಂಬೆಗಳನ್ನು ಹಾಗೇ ಬಿಟ್ಟೆವು.

ಇನ್ನು ಗರಗಸ. ಯಂತ್ರದ ಗರಗಸ ನನಗೆ ಬೇಡ, ಕೈಗರಗಸವೇ ಸಾಕು. ಬಿದ್ದ ಕೊಂಬೆ ಸತ್ತಂತೆ ಕಂಡರೂ ಅದರೊಳಗೆ ಬಿಗಿತ ಇರುತ್ತದೆ, ಕೊಯ್ಯುವ ಮೊದಲು ಅದು ಯಾವ ಕಡೆಗೆ ಎಂದು ನೋಡಬೇಕು. ಎರಡೂ ತುದಿ ಊರಿ ನಡು ತೂಗುತ್ತಿದ್ದರೆ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ದೆ. ಒಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಇದು ತಿರುವುಮುರುವು: ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ. ದೊಡ್ಡ ಕವಲಿನಡಿ ಸಿಕ್ಕಿ ಬಿಲ್ಲಿನ ಹಾಗೆ ಬಾಗಿದ್ದ ಎಳೆಮರವೊಂದಿತ್ತು. ಅದು ಚಿಮ್ಮಿದರೆ ದವಡೆ ಉಳಿಯುವುದಿಲ್ಲ. ಅದನ್ನೂ ಕೊಟ್ಟಿಗೆಯ ಮೇಲಿನ ಕವಲನ್ನೂ ಮರಗೆಲಸದ ತಜ್ಞರಿಗೆ ಬಿಟ್ಟೆ. ಅವರು ಬರಲು ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ಕೊಟ್ಟಿಗೆಗೆ ಟಾರ್ಪಾಲು ಹೊದಿಸಿದೆವು.

ಮರದಲ್ಲೇ ಉಳಿದ ಮುರುಕು ತುಂಡುಗಳಲ್ಲಿ ನೆಲದ ಮೇಲೆ ನಿಂತು ಕೈಗೆಟಕಿದಷ್ಟನ್ನು ಮಾತ್ರ ತೆಗೆದೆ. ತುಂಬ ಹೊರಗೆ ಮೊದಲು ಕೆಳಗಿನಿಂದ ಒಂದು ಗಾಯ, ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸುವುದು, ಕೊನೆಗೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿರುವ ಉಂಗುರವನ್ನು ಬಿಟ್ಟು ಅದರ ಹೊರಗೆ ನಯವಾಗಿ ಕೊಯ್ಯುವುದು. ಆ ಉಂಗುರದಿಂದಲೇ ಮರ ಗಾಯ ಮುಚ್ಚಿಕೊಳ್ಳುತ್ತದೆ. ಏಪ್ರಿಲ್ ಮೇಪಲ್ ರಸ ಏರುವ ಕಾಲ, ಕೊಯ್ದಲ್ಲೆಲ್ಲ ನೀರು ತೊಟ್ಟಿಕ್ಕಿತು. ರಾತ್ರಿ ಅದು ಗಡ್ಡೆಕಟ್ಟಿ, ಬೆಳಿಗ್ಗೆ ಮಗಳು ಮುರಿದು ಚೀಪಿ ಸಿಹಿಯಾಗಿದೆ ಎಂದಳು. ಅಮ್ಮನಿಗೆ ಮಾತ್ರ ಸಂಕಟ. "ಮೈಲುತುತ್ತ, ಸುಣ್ಣ ಕಲಸಿ ಬಳಿಯದೆ ಹೀಗೇ ಬಿಡುತ್ತೀಯಾ?" ಎಂದು ಕೇಳುತ್ತಲೇ ಇದ್ದಳು. ಅಡಿಕೆಯ ಕೊಳೆರೋಗಕ್ಕೆ ಅದೇ ಬೋರ್ಡೋ ದ್ರಾವಣ ಹೊಡೆಸಿ ಹೊಡೆಸಿ ಬದುಕಿದವಳ ಪ್ರಶ್ನೆ ಅದು. ಇಲ್ಲಿಯವರು ಗಾಯಕ್ಕೆ ಏನೂ ಬಳಿಯುವುದಿಲ್ಲ, ರಸ ಸೋರಿದರೂ ಮರಕ್ಕೆ ಕೇಡಿಲ್ಲ ಎಂದೆ. ಅವಳು ಒಪ್ಪಲಿಲ್ಲ.

ಆದರೆ ಸೀಡರ್ ಬೇಲಿ ಉಳಿದದ್ದು ಅವಳಿಂದಲೇ. ದಾರ ತೊಗಟೆ ಕೊಯ್ಯುತ್ತದೆ ಎಂದು ತನ್ನ ಹಳೆಯ ನೂಲಿನ ಸೀರೆಯನ್ನು ಅಗಲ ಪಟ್ಟಿಗಳಾಗಿ ಹರಿದುಕೊಟ್ಟಳು. ಬಾಗಿದ ಕವಲುಗಳನ್ನು ಒಟ್ಟುಗೂಡಿಸಿ, ಸಡಿಲವಾಗಿ, ಎರಡೆರಡು ಕಡೆ ಕಟ್ಟಿದೆವು. ಒಮ್ಮೆಗೇ ನೆಟ್ಟಗೆ ಎಳೆಯದೆ ಕೆಲವು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ಹಸಿರು, ಕೆಂಪು ಅಂಚಿನ ಪಟ್ಟಿ ಕಟ್ಟಿಕೊಂಡ ಬೇಲಿಯನ್ನು ನೋಡಿ ಇದು ಯಾವ ಹಬ್ಬ ಎಂದು ಅಂಚೆಯವನು ಕೇಳಿದ.

ಕೊಯ್ದ ಕೊಂಬೆಗಳನ್ನು ದಪ್ಪ ತುದಿ ಬೀದಿಗೆ ಬರುವಂತೆ ಒಂದೇ ದಿಕ್ಕಿನಲ್ಲಿ ಜೋಡಿಸಿಟ್ಟೆವು. ಪುರಸಭೆಯ ಪುಡಿಮಾಡುವ ಯಂತ್ರಕ್ಕೆ ಊಡಿಸಲು ಅದೇ ಸಲೀಸು. ದೀಪ ಬರುವ ಮೊದಲೇ ಹೀಟರುಗಳನ್ನೆಲ್ಲ ತಗ್ಗಿಸಿಟ್ಟು, ಬಂದ ಮೇಲೆ ಒಂದೊಂದಾಗಿ ಏರಿಸಿದೆವು. ಇಡೀ ಬೀದಿ ಒಟ್ಟಿಗೇ ಬಿಸಿಯಾಗಲು ಹೊರಟರೆ ವಿದ್ಯುತ್ ಮತ್ತೆ ಹೋಗಬಹುದು.

ಮರಗೆಲಸದ ತಜ್ಞರು ಬಂದಾಗ ನನ್ನ ಗಂಡ ಮರವನ್ನೇ ಕಡಿಸೋಣ ಎಂದರು. ಅದಕ್ಕೆ ನಮ್ಮ ಭಾಗದ ಸ್ಥಳೀಯ ಆಡಳಿತ ಕಚೇರಿಯ ಅನುಮತಿ ಬೇಕು. ಬುಡ ಗಟ್ಟಿಯಾಗಿದೆ, ಉಳಿದ ಎರಡು ಕವಲುಗಳ ನಡುವೆ ಉಕ್ಕಿನ ಹಗ್ಗ ಬಿಗಿದರೆ ಸಾಕು ಎಂದರು ತಜ್ಞರು. ಬೇಸಿಗೆಯಲ್ಲಿ ಬಿಗಿಸಿದೆವು. ಸೀಡರ್ ಗಿಡಗಳಲ್ಲಿ ಒಂದು ಮಾತ್ರ ಮೇಲೇಳಲಿಲ್ಲ, ಅದರ ಜಾಗಕ್ಕೆ ಹೊಸದನ್ನು ನೆಟ್ಟೆ.