ಇಪ್ಪತ್ತು ಹೆಸರು, ಒಂದೇ ಕಾಲಂ

ತುಮಕೂರು ಕಡೆಯ ಸ್ವಸಹಾಯ ಸಂಘಗಳ ಒಂದು ಒಕ್ಕೂಟಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಅವರ ಹಳೆಯ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿತ್ತು. ಒಂದು ಸಂಘಕ್ಕೆ ಒಂದು ಸಾಲು, ಆ ಸಂಘದ ಹೆಂಗಸರ ಹೆಸರೆಲ್ಲ ಒಂದೇ ಸೆಲ್‌ನಲ್ಲಿ, ನಡುನಡುವೆ ಕಾಮಾ. ಅದನ್ನೆಲ್ಲ ಬಿಡಿಸಿ, ಒಬ್ಬರಿಗೆ ಒಂದು ಸಾಲಿನಂತೆ ಸದಸ್ಯರ ಟೇಬಲ್‌ಗೆ ಹಾಕುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು ಹೋಯಿತು. ಮುಗಿಸಿ ಉಸಿರು ಬಿಡುತ್ತಿದ್ದೆ, ಒಕ್ಕೂಟದ ಮೇಡಂ ಫೋನ್ ಮಾಡಿದರು.

"ಸಾರ್, ಬ್ಯಾಂಕಿಗೆ ಪಟ್ಟಿ ಕೊಡ್ಬೇಕು. ಒಂದು ಸಂಘಕ್ಕೆ ಒಂದೇ ಲೈನು. ಹೆಸ್ರೆಲ್ಲ ಒಂದೇ ಕಡೆ ಬರೋ ಹಾಗೆ ಮಾಡ್ಕೊಡಿ. ಮೊದ್ಲು ಇತ್ತಲ್ಲ, ಹಾಗೆ."

ಮೊದಲಿದ್ದ ಹಾಗೇ ಬೇಕಿದ್ದರೆ ನಾನ್ಯಾಕೆ ಒಂದು ತಿಂಗಳು ಕಣ್ಣು ಹಾಳು ಮಾಡಿಕೊಂಡೆ ಅನ್ನಿಸಿತು. ಆದರೆ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಗದದ ಮೇಲೆ ಹೆಸರು ಒಟ್ಟಿಗೆ ಬರಬೇಕು, ಅಷ್ಟೇ. ಟೇಬಲ್‌ನಲ್ಲಿ ಬಿಡಿ ಬಿಡಿಯಾಗಿಯೇ ಇರಲಿ. ಒಂದೇ ಸೆಲ್‌ನಲ್ಲಿ ತುಂಬಿಟ್ಟರೆ ಏನಾಗುತ್ತದೆ ಅಂತ ಹಳೆಯ ಫೈಲಿನಲ್ಲೇ ನೋಡಿದ್ದೆ. 'ಗಂಗಮ್ಮ' ಅಂತ ಹುಡುಕಿದರೆ 'ಶಿವಗಂಗಮ್ಮ'ನೂ ಎದ್ದು ಬರುತ್ತಿದ್ದಳು.

ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರಲ್ಲಿ ಇದಕ್ಕೆಂದೇ ಗ್ರೂಪ್ ಕಾನ್‌ಕ್ಯಾಟ್ ಅನ್ನುವ ಫಂಕ್ಷನ್ ಇದೆ. ಸಂಘದ ಐಡಿ ಮೇಲೆ ಗ್ರೂಪ್ ಬೈ ಹಾಕಿ, ಹೆಸರಿನ ಕಾಲಂ ಕೊಟ್ಟರೆ ಆ ಗುಂಪಿನ ಸಾಲುಗಳೆಲ್ಲ ಒಂದೇ ಪಠ್ಯವಾಗಿ ಬರುತ್ತವೆ. ನಡುವೆ ಏನಿರಬೇಕು ಅಂತ ಸೆಪರೇಟರ್ ಹೇಳಬಹುದು, ಯಾರು ಮೊದಲು ಬರಬೇಕು ಅಂತ ಫಂಕ್ಷನ್‌ನ ಆವರಣದ ಒಳಗೇ ಆರ್ಡರ್ ಬೈ ಹಾಕಬಹುದು. ಅದನ್ನು ಹಾಕದೆ ಇದ್ದರೆ ಹೆಸರು ಯಾವ ಕ್ರಮದಲ್ಲಿ ಬರುತ್ತದೋ ಹೇಳಲಾಗದು. ನಾನು ಅಧ್ಯಕ್ಷೆ, ಕಾರ್ಯದರ್ಶಿ, ಆಮೇಲೆ ಸದಸ್ಯತ್ವದ ನಂಬರಿನಂತೆ ಉಳಿದವರು ಅಂತ ಹಾಕಿದೆ. ಅಧ್ಯಕ್ಷೆಯ ಹೆಸರು ಮಧ್ಯದಲ್ಲಿ ಎಲ್ಲೋ ಬಂದರೆ ಸಂಘದಲ್ಲಿ ಅದೇ ಒಂದು ಪಂಚಾಯ್ತಿ.

ಪಟ್ಟಿಯಲ್ಲಿ ಸಂಘದ ಒಟ್ಟು ಸಾಲವೂ ಬೇಕಿತ್ತು. ಹಾಗಾಗಿ ಸಾಲದ ಟೇಬಲನ್ನೂ ಅದೇ ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ, ಜಾಯಿನ್ ಮಾಡಿದೆ. (ಸಾಲು, ಸಾಲ ಎರಡನ್ನೂ ಒಂದೇ ಬರಹದಲ್ಲಿ ಬರೆಯುವ ಕಷ್ಟ ಕನ್ನಡದವರಿಗೆ ಮಾತ್ರ ಗೊತ್ತು.) ಒಂದು ಸಂಘದಲ್ಲಿ 20 ಸದಸ್ಯರು, ಸಂಘದ ಹೆಸರಿನಲ್ಲಿ ಒಂದೊಂದು ಲಕ್ಷದ ಮೂರು ಸಾಲ. ರಿಪೋರ್ಟ್ ತೆಗೆದರೆ ಒಬ್ಬೊಬ್ಬರ ಹೆಸರೂ ಮೂರು ಮೂರು ಸಲ, ಒಟ್ಟು ಸಾಲ ಅರವತ್ತು ಲಕ್ಷ! ಯಾಕೆ ಅಂದರೆ ಸದಸ್ಯರಿಗೂ ಸಾಲಕ್ಕೂ ನೇರ ಸಂಬಂಧವಿಲ್ಲ, ಎರಡೂ ಸಂಘಕ್ಕೆ ಸೇರಿದವು. ಒಟ್ಟಿಗೆ ಜಾಯಿನ್ ಮಾಡಿದರೆ ಪ್ರತಿ ಸದಸ್ಯೆಗೂ ಪ್ರತಿ ಸಾಲವನ್ನೂ ಜೋಡಿಸಿ ಅರವತ್ತು ಸಾಲು ಹುಟ್ಟುತ್ತವೆ. ಆಮೇಲೆ ಒಟ್ಟುಗೂಡಿಸುವುದು ಆ ಅರವತ್ತನ್ನು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಹೆಸರಿನ ಮುಂದೆ ಸುಮ್ನೆ ಡಿಸ್ಟಿಂಕ್ಟ್ ಹಾಕಿದೆ, ಒಂದೇ ಥರದ್ದು ಮತ್ತೆ ಬಂದರೆ ಅದು ಬಿಟ್ಟುಬಿಡುತ್ತದೆ. ಹೆಸರು ಒಂದೊಂದೇ ಸಲ ಬಂತು. ಮೊತ್ತವನ್ನು ಬೇರೆ ಕ್ವೆರಿಯಿಂದ ತಂದು ಅಂಟಿಸಿದೆ. ಚೆನ್ನಾಗಿದೆ ಅಂದುಕೊಂಡು ಮೇಡಂಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಸಾರ್, ಈ ಸಂಘದಲ್ಲಿ ಇಬ್ರು ಲಕ್ಷ್ಮಮ್ಮ ಇದಾರೆ. ನೀವು ಒಬ್ರನ್ನೇ ಹಾಕಿದೀರ."

ಸರಿ ಅಲ್ವಾ? ಡಿಸ್ಟಿಂಕ್ಟ್‌ಗೆ ಮನುಷ್ಯರು ಗೊತ್ತಿಲ್ಲ, ಅಕ್ಷರ ಗೊತ್ತು. ನಮ್ಮ ಹಳ್ಳಿಗಳಲ್ಲಿ ಒಂದು ಸಂಘಕ್ಕೆ ಇಬ್ಬರು ಲಕ್ಷ್ಮಮ್ಮ ಇಲ್ಲದಿದ್ದರೇ ಆಶ್ಚರ್ಯ. ಗಂಡನ ಹೆಸರು ಸೇರಿಸಿ ಅಂತ ಮೇಡಂ ಹೇಳಿದರು. 'ಲಕ್ಷ್ಮಮ್ಮ ಕೋಂ ಸಿದ್ದಪ್ಪ' ಅಂತ ಬರುವ ಹಾಗೆ ಕಾನ್‌ಕ್ಯಾಟ್‌ನಿಂದ ಎರಡು ಕಾಲಂ ಜೋಡಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೊದಲ ನಾಲ್ಕೈದು ಹೆಸರು ನೋಡಿದೆ, ಇಬ್ಬರೂ ಲಕ್ಷ್ಮಮ್ಮಂದಿರು ಬಂದಿದ್ದರು. ಸರ್ವರ್‌ಗೆ ಹಾಕಿದೆ, ಪಟ್ಟಿ ಪ್ರಿಂಟ್ ಆಗಿ ಬ್ಯಾಂಕಿಗೆ ಹೋಯಿತು.

ಬ್ಯಾಂಕಿನವರು ಎಣಿಸಿದರು. ಠರಾವಿನಲ್ಲಿ ಇಪ್ಪತ್ತು ಸಹಿ, ಪಟ್ಟಿಯಲ್ಲಿ ಹದಿನಾರೂವರೆ ಹೆಸರು. ಹೌದು, ಅರ್ಧ ಹೆಸರು. ಕೊನೆಯಲ್ಲಿ 'ಚಂದ್' ಅಂತ ಬರೆದು ನಿಂತುಬಿಟ್ಟಿತ್ತು. ಅದು ಚಂದ್ರಮ್ಮ. ಅವರ ಹಿಂದಿದ್ದವರು ಪಟ್ಟಿಯಲ್ಲೇ ಇಲ್ಲ. ಸದಸ್ಯತ್ವದ ನಂಬರಿನಂತೆ ಜೋಡಿಸಿದ್ದರಿಂದ ಕತ್ತರಿ ಬಿದ್ದದ್ದು ಯಾವಾಗಲೂ ಕೊನೆಗೆ ಸೇರಿದವರಿಗೇ. ಅವರಲ್ಲಿ ಒಬ್ಬರು ಒಕ್ಕೂಟದ ಆಫೀಸಿಗೇ ಬಂದು, "ದುಡ್ಡು ಕಟ್ಟೋವಾಗ ನನ್ ಹೆಸ್ರು ಇರುತ್ತೆ, ಸಾಲ ಕೊಡೋವಾಗ ಇರಲ್ವಾ?" ಅಂತ ಕೇಳಿ ಹೋಗಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗ್ರೂಪ್ ಕಾನ್‌ಕ್ಯಾಟ್‌ಗೆ ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಮಿತಿ ಇದೆ, ಸುಮ್ನೆ ಬಿಟ್ಟರೆ 1024 ಬೈಟ್. ಸಾವಿರ ಅಕ್ಷರ ಅಂದರೆ ಸಾಕಷ್ಟಾಯಿತಲ್ಲ ಅನ್ನಿಸಬಹುದು. ಇಂಗ್ಲಿಷ್‌ಗೆ ಸಾಕು. ಕನ್ನಡದ ಲೆಕ್ಕ ಬೇರೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರಕ್ಕಲ್ಲ, ಅದರೊಳಗಿನ ಬಿಡಿ ತುಂಡುಗಳಿಗೆ. 'ಲಕ್ಷ್ಮಮ್ಮ' ನಮಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಲ, ಕ, ವಿರಾಮ (ಒತ್ತಕ್ಷರ ಮಾಡುವ ಗುರುತು), ಷ, ವಿರಾಮ, ಮ, ಮ, ವಿರಾಮ, ಮ, ಒಟ್ಟು ಒಂಬತ್ತು. ಅಂದರೆ 27 ಬೈಟ್. 'ಕೋಂ' 9, 'ಸಿದ್ದಪ್ಪ' 24, ಎರಡು ಸ್ಪೇಸ್, ಎಲ್ಲ ಸೇರಿ 62. ಕಾಮಾ ಮತ್ತು ಅದರ ಮುಂದಿನ ಸ್ಪೇಸ್ ಸೇರಿದರೆ 64. 1024ನ್ನು 64ರಿಂದ ಭಾಗಿಸಿ ನೋಡಿ. ಸರಿಯಾಗಿ ಹದಿನಾರು. ಕಾಗದದ ಮೇಲೆ ಈ ಲೆಕ್ಕ ಹಾಕಿ ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರೀ ಹೆಸರಿದ್ದಾಗ ಇಪ್ಪತ್ತು ಜನವೂ ಆರಾಮವಾಗಿ ಹಿಡಿಸುತ್ತಿದ್ದರು. 'ಕೋಂ' ಸೇರಿಸಿದ್ದೇ ತಡ, ಮಿತಿ ದಾಟಿತ್ತು. ಹಾಗೆ ನೋಡಿದರೆ ಹೆಸರು ಮೂರು ಮೂರು ಸಲ ಬಂದ ದಿನವೂ ಕೊನೆ ಕತ್ತರಿಸಿಯೇ ಇರಬೇಕು. ನಾನು ಮೊದಲ ಹೆಸರುಗಳನ್ನು ನೋಡಿ ಬೆಚ್ಚಿಬಿದ್ದಿದ್ದೆ, ಕೊನೆಗೆ ಹೋಗಿರಲೇ ಇಲ್ಲ.

ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಸರಿ ಬರುತ್ತಿತ್ತು? ಅಲ್ಲಿ ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಕ್ಸಾಂಪ್ ಹಾಕಿಕೊಂಡಿದ್ದೆ. ಅದರ ಜೊತೆ ಬರುವುದು ಮರಿಯಾಡಿಬಿ, ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಡೇಟಾಬೇಸ್. ಮರಿಯಾಡಿಬಿ 10.2.4ರಿಂದ ಈ ಮಿತಿಯನ್ನು 10,48,576 ಬೈಟ್‌ಗೆ ಏರಿಸಿದ್ದಾರೆ. ಸರ್ವರ್‌ನಲ್ಲಿದ್ದದ್ದು ಮೈಎಸ್‌ಕ್ಯೂಎಲ್. ಹೆಸರು ಬೇರೆಯಾದರೂ ಎರಡೂ ಒಂದೇ ಅಂದುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದೆ.

ಕೋಪ ಬಂದದ್ದು ಮಿತಿ ಇದ್ದದ್ದಕ್ಕಲ್ಲ, ಅದು ಸದ್ದಿಲ್ಲದೆ ಕತ್ತರಿಸಿದ್ದಕ್ಕೆ. ಎರರ್ ಇಲ್ಲ. 1260 ಅನ್ನುವ ಒಂದು ವಾರ್ನಿಂಗ್ ಬರುತ್ತದೆ, ಆದರೆ ಕೇಳಿದರೆ ಮಾತ್ರ ಹೇಳುತ್ತದೆ. ನಾನು ಕೋಡ್ ಬರೆಯುವ ಪಿಎಚ್‌ಪಿಯಲ್ಲಿ ವಾರ್ನಿಂಗ್ ಕೇಳುವವರು ಯಾರು? ಆರಕಲ್ ಡೇಟಾಬೇಸ್‌ನಲ್ಲಿ ಇದೇ ಕೆಲಸ ಮಾಡುವ ಲಿಸ್ಟ್‌ಆಗ್ ಈ ವಿಷಯದಲ್ಲಿ ನೇರ. ಅಲ್ಲಿ ಸಾಮಾನ್ಯವಾಗಿ 4000 ಬೈಟ್ ದಾಟಿದರೆ ಕ್ವೆರಿಯೇ ಎರರ್ ಕೊಟ್ಟು ನಿಲ್ಲುತ್ತದೆ. ಕೆಲಸ ಕೆಡುತ್ತದೆ, ಆದರೆ ಕೆಟ್ಟದ್ದು ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನ ಸ್ಟ್ರಿಂಗ್ ಆಗ್‌ನಲ್ಲಿ ಇಂಥ ಚಿಕ್ಕ ಮಿತಿಯೇ ಇಲ್ಲ.

ಮಿತಿ ಏರಿಸುವುದು ಒಂದು ಸಾಲಿನ ಕೆಲಸ. ಮ್ಯಾಕ್ಸ್ ಲೆನ್ ಅನ್ನುವ ಆ ಸೆಟ್ಟಿಂಗ್‌ಗೆ ಒಂದು ಲಕ್ಷ ಅಂತ ಕೊಟ್ಟೆ. ಅಲ್ಲೂ ಒಮ್ಮೆ ಎಡವಿದೆ. ಡೇಟಾಬೇಸ್‌ಗೆ ನೇರ ಕ್ವೆರಿ ಕೊಡುವ ವರ್ಕ್‌ಬೆಂಚ್ ತೆರೆದು ಸೆಷನ್‌ಗೆ ಸೆಟ್ ಮಾಡಿದೆ, ಅಲ್ಲೇ ಕ್ವೆರಿ ಓಡಿಸಿದೆ, ಚೆನ್ನಾಗಿ ಬಂತು. ಪಿಡಿಎಫ್ ತೆಗೆದರೆ ಮತ್ತೆ 'ಚಂದ್'. ಸೆಷನ್ ಸೆಟ್ಟಿಂಗ್ ಆ ಕನೆಕ್ಷನ್‌ಗೆ ಮಾತ್ರ, ನನ್ನ ಅಪ್ಲಿಕೇಶನ್ ತನ್ನದೇ ಕನೆಕ್ಷನ್ ತೆರೆಯುತ್ತದೆ. ಕನೆಕ್ಟ್ ಆದ ತಕ್ಷಣ ಸೆಟ್ ಮಾಡುವಂತೆ ಕೋಡ್‌ನಲ್ಲೇ ಹಾಕಿದ ಮೇಲೆ ಚಂದ್ರಮ್ಮ ಪೂರ್ತಿ ಬಂದರು.

ಆದರೂ ಹೆಸರು ಹದಿನೆಂಟೇ! ಇಬ್ಬರು ಎಲ್ಲಿ?

ಸದಸ್ಯರ ಟೇಬಲ್ ತೆಗೆದು ನೋಡಿದೆ. ಒಬ್ಬಳು ಮದುವೆಯಾಗದ ಹುಡುಗಿ. ಇನ್ನೊಬ್ಬರ ಗಂಡನ ಹೆಸರನ್ನು ಯಾರೂ ಎಂಟ್ರಿ ಮಾಡಿರಲಿಲ್ಲ. ಎರಡು ಕಡೆಯೂ ಗಂಡನ ಕಾಲಂ ನಲ್, ಅಂದರೆ ಖಾಲಿ. ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್‌ಗೆ ಒಂದು ನಲ್ ಸಿಕ್ಕರೆ ಸಾಕು, ಪೂರ್ತಿ ಉತ್ತರವೇ ನಲ್. ಗ್ರೂಪ್ ಕಾನ್‌ಕ್ಯಾಟ್ ನಲ್ ಕಂಡರೆ ದಾಟಿಕೊಂಡು ಹೋಗುತ್ತದೆ. ಗಂಡನ ಹೆಸರಿಲ್ಲ ಅನ್ನುವ ಒಂದೇ ಕಾರಣಕ್ಕೆ ಆ ಇಬ್ಬರನ್ನು ನನ್ನ ಕ್ವೆರಿ ಪಟ್ಟಿಯಿಂದ ಹೊರಗೆ ಹಾಕಿತ್ತು. ಇದನ್ನು ನಾನು ಮೇಡಂಗೆ ಹೇಳಲಿಲ್ಲ. ಸರಿಪಡಿಸುವುದು ಸುಲಭವಿತ್ತು. ಕಾನ್‌ಕ್ಯಾಟ್ ಬದಲು ಕಾನ್‌ಕ್ಯಾಟ್ ಡಬ್ಲ್ಯುಎಸ್ ಹಾಕಿ, ' ಕೋಂ ' ಅನ್ನುವುದನ್ನೇ ಅದಕ್ಕೆ ಸೆಪರೇಟರ್ ಮಾಡಿದೆ. ಅದು ನಲ್ ಇದ್ದುದನ್ನು ಬಿಟ್ಟು ಇದ್ದುದನ್ನು ಮಾತ್ರ ಜೋಡಿಸುತ್ತದೆ. ಗಂಡನ ಹೆಸರು ಇದ್ದರೆ 'ಕೋಂ' ಬರುತ್ತದೆ, ಇಲ್ಲದಿದ್ದರೆ ಅವಳ ಹೆಸರು ಮಾತ್ರ.

ಕೊನೆಗೆ ಕ್ವೆರಿಯನ್ನು ಮೊದಲಿಂದ ಬರೆದೆ. ಸದಸ್ಯರ ಟೇಬಲನ್ನು ಒಂದು ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಗುಂಪು ಮಾಡಿ ಸಂಘಕ್ಕೆ ಒಂದು ಸಾಲು. ಸಾಲದ ಟೇಬಲನ್ನು ಇನ್ನೊಂದರಲ್ಲಿ ಗುಂಪು ಮಾಡಿ ಸಂಘಕ್ಕೆ ಒಂದು ಸಾಲು. ಆಮೇಲೆ ಎರಡನ್ನೂ ಸಂಘದ ಟೇಬಲ್‌ಗೆ ಲೆಫ್ಟ್ ಜಾಯಿನ್, ಸಾಲವನ್ನೇ ತೆಗೆಯದ ಸಂಘ ಬಿಟ್ಟುಹೋಗಬಾರದಲ್ಲ. ಸದಸ್ಯರೂ ಸಾಲವೂ ಒಂದಕ್ಕೊಂದು ಗುಣಿಸಿಕೊಳ್ಳುವ ಮಾತೇ ಇಲ್ಲ, ಡಿಸ್ಟಿಂಕ್ಟ್ ಬೇಕಾಗಲಿಲ್ಲ. ಕಾಮಾ ತೆಗೆದು, ಪ್ರತಿ ಹೆಸರೂ ಹೊಸ ಸಾಲಿಗೆ ಹೋಗುವಂತೆ ಸೆಪರೇಟರ್ ಬದಲಿಸಿದೆ. ಯಾಕೆಂದರೆ ಕೆಲವರು ಹೆಸರಿನಲ್ಲೇ 'ಗೌರಮ್ಮ, ಮೇಲಿನ ಮನೆ' ಅಂತ ಟೈಪ್ ಮಾಡಿದ್ದರು. ಕಾಮಾ ಇದ್ದರೆ ಮೇಲಿನ ಮನೆಯೂ ಒಬ್ಬ ಸದಸ್ಯೆಯಾಗುತ್ತಿತ್ತು.

ಹೆಸರಿನ ಕಾಲಂ ಪಕ್ಕದಲ್ಲಿ ಅದೇ ಸಬ್‌ಕ್ವೆರಿಯಿಂದ ಒಂದು ಕೌಂಟ್ ತಂದು 'ಒಟ್ಟು ಸದಸ್ಯರು' ಅಂತಲೂ ಹಾಕಿದೆ. ಹೆಸರನ್ನು ಎಣಿಸಿದ್ದಲ್ಲ, ಸಾಲುಗಳನ್ನು ಎಣಿಸಿದ್ದು. ಪಿಡಿಎಫ್ ಮಾಡುವ ಮೊದಲು ಕೋಡ್ ಆ ಪಠ್ಯವನ್ನು ಮತ್ತೆ ತುಂಡು ಮಾಡಿ ಎಣಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ರಿಂಟ್ ಕೊಡುವುದಿಲ್ಲ. ಮೇಡಂಗೆ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು.

ಹೋದ ತಿಂಗಳು ಒಂದು ಸಂಘದ ಪಟ್ಟಿ ಹೀಗೇ ನಿಂತಿತು. ಸದಸ್ಯರು 14, ಪಟ್ಟಿಯಲ್ಲಿ 15. ಹೆಸರು ಕಡಿಮೆಯಾಗುವುದು ಗೊತ್ತಿತ್ತು, ಜಾಸ್ತಿಯಾಗುವುದು ಹೊಸದು. ಹುಡುಕಿದರೆ ಅದೇ ಗೌರಮ್ಮ. ಈ ಸಲ ಯಾರೋ ಕಾಮಾ ಬದಲು ಎಂಟರ್ ಒತ್ತಿ, ಕೆಳಗಿನ ಸಾಲಿನಲ್ಲಿ 'ಮೇಲಿನ ಮನೆ' ಅಂತ ಬರೆದಿದ್ದರು. ಆ ಎಂಟರ್ ಅಳಿಸಿ ಪ್ರಿಂಟ್ ಒತ್ತಿದೆ.